ಕೊಡವದ ಪಾದರಸ

ಥರ್ಮಾಮೀಟರನ್ನು ನಾಲಗೆಯಡಿಯಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದ. ತೊಂಬತ್ತೆಂಟು ಪಾಯಿಂಟ್ ನಾಲ್ಕು. ನಿನ್ನೆಯೂ ಅಷ್ಟೇ, ಮೊನ್ನೆಯೂ ಅಷ್ಟೇ.

"ಸಾಕು ಬಿಡಿ, ಅದೇನು ಬಾಯಲ್ಲಿ ಮೊಟ್ಟೆ ಇಡುತ್ತಾ?" ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಲಸಿಕೆಗೆ ಇವತ್ತು ಹೋಗ್ತೀರಿ ತಾನೆ?"

"ಆ ಕಾಯಿಲೆ ಒಂದ್ಸಲ ಬಂದು ಹೋಗಿದೆಯಲ್ಲ. ಮತ್ತೆ ಯಾಕೆ?"

"ಮತ್ತೆ ಬರಲ್ಲ ಅಂತ ಬರೆದುಕೊಟ್ಟು ಹೋಗಿದೆಯಾ? ಮೂರು ತಿಂಗಳಾದ ಮೇಲೆ ಹಾಕಿಸ್ಕೊಳ್ಳಿ ಅಂತ ಡಾಕ್ಟ್ರೇ ಹೇಳಿಲ್ವಾ?"

ಹೇಳಿದ್ದರು. ಹಾಕಿಸಿಕೊಂಡ ಮೇಲೆ ಒಂದು ದಿನ ಜ್ವರ ಬರಬಹುದು, ಹೆದರಬೇಡಿ ಎಂದೂ ಹೇಳಿದ್ದರು. ಅವನಿಗೆ ಹೆದರಿಕೆ ಇದ್ದದ್ದೇ ಆ ಒಂದು ದಿನದ್ದು. ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ವಕೀಲರೂ ಒಂದು ದಿನದ ಜ್ವರ ಎಂದೇ ನಕ್ಕಿದ್ದರು. ಐದನೆಯ ದಿನ ಆ ಹಾಸಿಗೆಗೆ ಹೊಸ ಚಾದರ ಹಾಸಿದರು.

ಕಾರ್ಖಾನೆಯಲ್ಲಿ ಅವನಿಗೆ ಜ್ವರದ ಮೇಷ್ಟ್ರು ಎಂದು ಹೆಸರು. ಥರ್ಮಾಮೀಟರುಗಳನ್ನು ಬಿಸಿನೀರಿನಲ್ಲಿ ಅದ್ದಿ, ಅಂಕಿ ಓದಿ, ಕೊಡವಿ ಇಡುವುದು ಕೆಲಸ. ಏರಿದ ಪಾದರಸ ಕೊಡವದೆ ಇಳಿಯುವುದಿಲ್ಲ. ಹೊಸಬರಿಗೆ ಅವನು ಕಲಿಸುವ ಮೊದಲ ಪಾಠವೇ ಅದು.

ತನ್ನದನ್ನು ಮಾತ್ರ ಆಸ್ಪತ್ರೆ ಬಿಟ್ಟ ದಿನದಿಂದ ಅವನು ಕೊಡವಿಲ್ಲ. ಅಂದು ನಿಂತ ಅಂಕಿ ಇಂದಿಗೂ ನಿಂತಿದೆ. ಕೊಡವಿದರೆ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆಂದು ಏನು ಖಾತ್ರಿ? ಹುಚ್ಚು ಎಂದು ಅವನಿಗೂ ಗೊತ್ತು. ಕೈ ಕೇಳುವುದಿಲ್ಲ.

ಶಾಲೆಯೊಂದರ ತರಗತಿಯಲ್ಲಿ ಲಸಿಕೆ ಹಾಕುತ್ತಿದ್ದರು. ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿ ಕುಳಿತ. ಪಕ್ಕದ ಮುದುಕರು ಆಗಲೇ ಅಂಗಿಯ ತೋಳು ಮಡಚಿಕೊಂಡಿದ್ದರು.

"ನಿಮಗೂ ಬಂದಿತ್ತಾ?"

"ಬಂದಿತ್ತು."

"ನನಗೂನು. ಇನ್ನೊಂದ್ಸಲ ಆ ನರಕ ಬೇಡಪ್ಪ ಅಂತ ಬಂದೆ."

ಅವನು ಎದ್ದು ಬಾಗಿಲವರೆಗೆ ಹೋದ. ಮತ್ತೆ ಬಂದು ಕುಳಿತ. ಅಷ್ಟರಲ್ಲಿ ಅವನ ನಂಬರು ಕೂಗಿದರು.

"ಜ್ವರ ಗಿರ ಏನಾದ್ರೂ ಇದೆಯಾ?" ನರ್ಸ್ ತಲೆ ಎತ್ತದೆ ಕೇಳಿದಳು.

"ಇಲ್ಲ. ನೋಡಿ ಬೇಕಾದ್ರೆ." ಜೇಬಿನಿಂದ ತನ್ನ ಥರ್ಮಾಮೀಟರ್ ತೆಗೆದು ಕೊಟ್ಟ.

ಅವಳು ಅಂಕಿ ನೋಡಲಿಲ್ಲ. ಅಭ್ಯಾಸಬಲದಿಂದ ಅವಳ ಮಣಿಕಟ್ಟು ಅದನ್ನು ಎರಡು ಸಲ ಕೊಡವಿತು. ಅವನು ಬೇಡ ಎನ್ನಲು ಬಾಯಿ ತೆರೆದ. ಆ ತೆರೆದ ಬಾಯಿಗೇ ಗಾಜಿನ ಕಡ್ಡಿ ಇಟ್ಟಳು.

"ಮಾತಾಡಬೇಡಿ."

ಅವಳು ಸೂಜಿಗೆ ಮದ್ದು ತುಂಬಿಕೊಂಡಳು. ಅವನೇ ತೋಳು ಮಡಚಿದ್ದನೋ, ಅವಳೇ ಮಡಚಿದಳೋ, ತಿಳಿಯಲಿಲ್ಲ. ಕಡ್ಡಿ ತೆಗೆದು ಬೆಳಕಿಗೆ ಹಿಡಿದಳು. ತಿರುಗಿಸಿ ಮತ್ತೆ ಹಿಡಿದಳು.

"ಏರೇ ಇಲ್ವಲ್ಲ ಇದು."

ಅವನೂ ನೋಡಿದ. ದಿನಕ್ಕೆ ಸಾವಿರ ಓದಿದ ಕಣ್ಣು. ಒಂದು ಹನಿ ಪಾದರಸ ತಳದಲ್ಲಿ ಕುಳಿತಿತ್ತು, ಅದರ ಮೇಲೆ ಕೊನೆಯವರೆಗೂ ಬರಿಯ ಗಾಜು.

"ಇನ್ನೊಂದ್ಸಲ ಇಡೋಣ, ಬಾಯಿ ತೆಗೀರಿ," ಎಂದಳು. ಈ ಸಲವೂ ಏರದಿದ್ದರೆ? ಅವನು ಹಲ್ಲು ಕಚ್ಚಿ ಹಿಡಿದ. ಹಿಂದಿನ ಬೆಂಚಿನವರು ಒಂದು ಜಾಗ ಮುಂದೆ ಸರಿದು ಕುಳಿತರು.