ಎರಡನೇ ಸುತ್ತು

ತಂಗಿ ಗುಬ್ಬಿ ವಿಮಾನವನ್ನು ಎರಡನೇ ಸಲ ಸುತ್ತತೊಡಗಿದಾಗ ಅಕ್ಕ ಕುರ್ಚಿಯಿಂದ ಎದ್ದು ಗಾಜಿನ ಹತ್ತಿರ ಹೋದಳು.

ವಿಮಾನ ನಿಲ್ದಾಣದ ಗೇಟಿನ ದೊಡ್ಡ ಗಾಜಿನಾಚೆ, ಮಧ್ಯಾಹ್ನದ ಬಿಸಿಲಿನಲ್ಲಿ, ಎರಡು ಪ್ರೊಪೆಲ್ಲರಿನ ಪುಟ್ಟ ವಿಮಾನ ನಿಂತಿತ್ತು. ಅಕ್ಕಪಕ್ಕದ ಭಾರಿ ವಿಮಾನಗಳ ನಡುವೆ ಅದು ದೊಡ್ಡವರ ಫೋಟೋದಲ್ಲಿ ನುಸುಳಿದ ಮಗುವಿನಂತೆ ಕಾಣುತ್ತಿತ್ತು. ಸಮವಸ್ತ್ರದ ಮೇಲೆ ಹಳದಿ ಜಾಕೆಟ್ ತೊಟ್ಟ ತಂಗಿ ಅದರ ಮೂಗಿನ ಹತ್ತಿರ ಬಗ್ಗಿದಳು. ಮುಂದಿನ ಚಕ್ರದ ಮೇಲೆ ಅಂಗೈ ಇಟ್ಟಳು. ರೆಕ್ಕೆಯ ಅಡಿಗೆ ಹೋಗಿ ಕತ್ತೆತ್ತಿ ನೋಡಿದಳು, ಪ್ರೊಪೆಲ್ಲರಿನ ಅಲಗಿನ ಮೇಲೆ ಕಣ್ಣಾಡಿಸಿದಳು, ಬಾಲದ ಹಿಂದೆ ಮರೆಯಾಗಿ ಆ ಕಡೆಯಿಂದ ಹೊರಬಂದಳು. ಇದಿಷ್ಟೂ ಆಗಲೇ ಒಂದು ಸಲ ಮುಗಿದಿತ್ತು. ಅಕ್ಕ ಕಣ್ಣಾರೆ ಕಂಡಿದ್ದಳು.

ಹಾರುವ ಮುಂಚೆ ವಿಮಾನವನ್ನು ಒಂದು ಸುತ್ತು ಬಂದು ನೋಡುವುದು ಪೈಲಟ್‌ಗಳ ಕೆಲಸ. ಗುಬ್ಬಿ ಅದನ್ನು ಮನೆಗೂ ತಂದಿದ್ದಳು. ತನ್ನ ಹಳೇ ಸ್ಕೂಟರನ್ನು ಹತ್ತುವ ಮೊದಲು ಅದರ ಸುತ್ತ ನಡೆದು, ಟೈರು ಒತ್ತಿ, ಬ್ರೇಕಿನ ತಂತಿ ಮುಟ್ಟಿಯೇ ಹತ್ತುವುದು. ಮೇಲಿನ ಮನೆಯ ನಿವೃತ್ತ ಮೇಷ್ಟರು ಬಾಲ್ಕನಿಯಿಂದ, "ಏನಮ್ಮಾ, ಗಾಣದೆತ್ತು ಹೊರಡ್ತಾ?" ಎಂದು ಕೂಗುವರು. "ಎಣ್ಣೆ ಬಂದ್ರೆ ನಿಮ್ಗೂ ಕೊಡ್ತೀನಿ ಮೇಷ್ಟ್ರೇ" ಎಂದು ಗುಬ್ಬಿ ನಗುವಳು. ಆದರೆ ಸುತ್ತು ಮಾತ್ರ ಒಂದೇ. ಎಂದೂ ಎರಡಿಲ್ಲ.

ಎರಡು ಸಲ ನೋಡುವ ಚಾಳಿ ಅಕ್ಕನದು. ಔಷಧದಂಗಡಿಯ ಕೌಂಟರಿನಲ್ಲಿ ನಿಂತು ಚೀಟಿ ಓದುವ ಕೆಲಸ ಅವಳಿಗೆ ಆ ಅಭ್ಯಾಸ ಕಲಿಸಿತೋ, ಆ ಅಭ್ಯಾಸ ಇದ್ದುದರಿಂದಲೇ ಆ ಕೆಲಸ ಒಗ್ಗಿತೋ, ಅವಳಿಗೇ ಗೊತ್ತಿಲ್ಲ. ಬೀಗ ಹಾಕಿ ಮೆಟ್ಟಿಲಿಳಿದವಳು ವಾಪಸು ಹತ್ತಿ ಬೀಗ ಜಗ್ಗಿ ನೋಡುವಳು. ಗ್ಯಾಸ್ ಆರಿಸಿ ಬಂದವಳು ಬೀದಿ ತಿರುವಿನಿಂದ ಹಿಂದಿರುಗುವಳು. ಒಮ್ಮೆ ಗುಬ್ಬಿ ಸ್ಕೂಟರಿನ ಮೇಲೆ ಕಾದು ಕಾದು ಸಾಕಾಗಿ ಹೇಳಿದ್ದಳು: "ಎರಡನೇ ಸಲ ನೋಡೋದು ಎಚ್ಚರ ಅಲ್ಲಕ್ಕ. ಮೊದಲನೇ ಸಲ ನೋಡ್ಲೇ ಇಲ್ಲ ಅಂತ ಅರ್ಥ. ಕಣ್ಣು ಅಲ್ಲಿತ್ತು, ನೀನು ಇರ್ಲಿಲ್ಲ."

ಆ ಮಾತು ಈಗ ಅಕ್ಕನ ಎದೆಯಲ್ಲಿ ಕಡ್ಡಿ ಗೀರಿದಂತೆ ಹೊತ್ತಿಕೊಂಡಿತು. ಅವಳು ಕೈಚೀಲದಿಂದ ಫೋನು ತೆಗೆದಳು. ಮಾಡಬೇಕೋ ಬೇಡವೋ ತಿಳಿಯದೆ ಸುಮ್ಮನೆ ಹಿಡಿದುಕೊಂಡಳು.

ಗುಬ್ಬಿ ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿರಲಿಲ್ಲ. ಹೊಸ ಕೋ-ಪೈಲಟ್ ಎಂದರೆ ಹೊಸ ಸೊಸೆ ಇದ್ದ ಹಾಗೆ, ಎಲ್ಲರೂ ಉಂಡ ಮೇಲೆ ಉಳಿದದ್ದು ಅವಳ ಪಾಲು ಎಂದು ಅವಳೇ ತಮಾಷೆ ಮಾಡುತ್ತಿದ್ದಳು. ಒಳ್ಳೆಯ ರೂಟುಗಳು, ಹಬ್ಬಹುಣ್ಣಿಮೆಯ ರಜೆಗಳು ಹಿರಿಯರಿಗೆ. ಅವಳಿಗೆ ಸ್ಟ್ಯಾಂಡ್‌ಬೈ. ಅಂದರೆ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿ, ಪೆಟ್ಟಿಗೆ ಬಾಗಿಲ ಬಳಿ ನಿಲ್ಲಿಸಿ, ಯಾರಿಗಾದರೂ ಜ್ವರ ಬಂದು ಫೋನು ರಿಂಗಾಗುವುದನ್ನೇ ಕಾಯುವುದು. ಸ್ನಾನಕ್ಕೆ ಹೋದರೂ ಫೋನು ಸೋಪಿನ ಪಕ್ಕದಲ್ಲೇ. ಒಂದು ವಾರ ಬೆಳಕು ಹರಿಯುವ ಮುಂಚೆ ಕರೆ, ಮರುವಾರ ಕತ್ತಲಾದ ಮೇಲೆ. ಹಾರಾಟದ ಸಂಬಳವೂ ವಿಮಾನದ ಬಾಗಿಲು ಮುಚ್ಚಿ, ಚಕ್ರ ಹೊರಳಿದ ಮೇಲಷ್ಟೇ ಶುರು. ಅಲ್ಲಿಯವರೆಗೆ ಕಾದದ್ದು, ಓಡಿದ್ದು, ಮಂಜು ಕರಗಲೆಂದು ಕೂತದ್ದು ಎಲ್ಲ ಧರ್ಮಕ್ಕೆ.

"ಹಾಗಾದ್ರೆ ನಾನೂ ಅಡುಗೆಮನೆ ಬಾಗಿಲು ಮುಚ್ಕೊಂಡು ಲಟ್ಟಣಿಗೆ ಹೊರಳಿಸ್ತೀನಿ, ಸಂಬಳ ಕೊಡಿಸು" ಎಂದಿದ್ದಳು ಅಕ್ಕ.

"ಒಂದು ವರ್ಷ ಪ್ರೊಬೇಷನ್ನು. ಚಪಾತಿ ಸೀದ್ರೆ ಮನೆಗೆ ಕಳಿಸ್ತೀನಿ."

ಪ್ರೊಬೇಷನ್ ಎನ್ನುವ ಪದವನ್ನು ಗುಬ್ಬಿ ನಗುತ್ತಲೇ ಹೇಳುತ್ತಿದ್ದಳು. ಅಕ್ಕ ಮಾತ್ರ ನಗುತ್ತಿರಲಿಲ್ಲ. ತರಬೇತಿಗೆ ಮಾಡಿದ ಸಾಲಕ್ಕೆ ಅವಳೂ ಸಹಿ ಹಾಕಿದ್ದಳು. ಆದರೂ ಅವಳನ್ನು ಕಾಡುತ್ತಿದ್ದುದು ಸಾಲವಲ್ಲ. ಚಿಕ್ಕಂದಿನಲ್ಲಿ ಮಹಡಿ ಮೇಲೆ ನಿಂತು ಹೋಗುವ ವಿಮಾನಗಳಿಗೆಲ್ಲ ಕೈಬೀಸುತ್ತಿದ್ದ ಹುಡುಗಿ ಈಗ ನಿಜಕ್ಕೂ ಅದರ ಮುಂದಿನ ಕಿಟಕಿಯಲ್ಲಿ ಕೂರುತ್ತಿದ್ದಳು. ವರ್ಷ ತುಂಬುವ ಮೊದಲೇ ಅಲ್ಲಿಂದ ಇಳಿಸಿಬಿಟ್ಟರೆ ಅವಳು ಇನ್ನೆಲ್ಲಿ ಕೂತಾಳು?

ಇವತ್ತಿನ ಹಾರಾಟವೂ ಗುಬ್ಬಿಯ ಪಾಲಿನದಲ್ಲ, ಕೇಳಿ ಪಡೆದದ್ದು. ಈ ವಿಮಾನ ಅಮ್ಮನ ಊರಿಗೆ ಹೋಗಿ ಅರ್ಧ ಗಂಟೆ ನಿಂತು ವಾಪಸಾಗುತ್ತದೆ. ಮಗಳು ವಿಮಾನದಿಂದ ಇಳಿಯುವುದನ್ನು ಒಮ್ಮೆ ಬೇಲಿಯಾಚೆಯಿಂದಾದರೂ ನೋಡಬೇಕೆಂದು ಅಮ್ಮ ಆಸೆಪಟ್ಟಿದ್ದಳು. ಚಿಕ್ಕಮ್ಮ, "ಡ್ರೈವರ್ ಕೆಲ್ಸಕ್ಕೆ ಇಷ್ಟೆಲ್ಲ ಓದಬೇಕಿತ್ತಾ?" ಎಂದು ಕೊಂಕು ತೆಗೆದಂದಿನಿಂದ ಆಸೆ ಹಟವಾಗಿತ್ತು. ಗುಬ್ಬಿ ಸಹೋದ್ಯೋಗಿಯೊಬ್ಬಳಿಗೆ ತನ್ನ ರಜೆ ಬಿಟ್ಟುಕೊಟ್ಟು ಈ ಡ್ಯೂಟಿ ತೆಗೆದುಕೊಂಡಿದ್ದಳು. ಜೊತೆಗೆ ಅಕ್ಕನಿಗೊಂದು ಸಿಬ್ಬಂದಿ ಟಿಕೆಟ್ಟು. ಖಾಲಿ ಸೀಟಿದ್ದರೆ ಮಾತ್ರ ಹತ್ತಿಸುವ ಟಿಕೆಟ್ಟು ಅದು. ವಿಮಾನ ಎಂದರೆ ಅಂಗೈ ಬೆವರುವ ಅಕ್ಕ, "ನೀನು ಓಡಿಸೋದಾದ್ರೆ ಮಾತ್ರ ಹತ್ತೋದು" ಎಂದು ಇದುವರೆಗೆ ನೆಲ ಬಿಟ್ಟಿರಲಿಲ್ಲ. ಇವತ್ತು ಸೀಟು ಸಿಕ್ಕಿತ್ತು. ಅಲ್ಲಿ ಅಮ್ಮ, ಚಿಕ್ಕಮ್ಮ, ಅಮ್ಮನ ಬೀದಿಯ ಅರ್ಧ ಜನ ಆಗಲೇ ಬೇಲಿಯ ಹತ್ತಿರ ಬಂದಿರಬೇಕು.

ಬಿಟ್ಟುಕೊಟ್ಟ ಆ ರಜೆಯೇ ಅವಳು ಮಲಗಬೇಕಾದ ದಿನವಾಗಿತ್ತು ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಮೂರು ದಿನ ಮೂರು ಊರಿನಲ್ಲಿ ಮಲಗಿ ನಿನ್ನೆ ಮನೆಗೆ ಬಂದವಳ ಕೋಣೆಯಿಂದ ರಾತ್ರಿಯೆಲ್ಲ ಚಪ್ಪಲಿ ಸವೆಸಿ ಓಡಾಡುವ ಸದ್ದು ಕೇಳಿತ್ತು. ಬೆಳಿಗ್ಗೆ, "ಮಲಗಿದ್ಯೇನೇ?" ಎಂದು ಅಕ್ಕ ಕೇಳಿದಾಗ, "ಮಲಗಿದ್ದೆ. ನಿದ್ದೆ ಬೇರೆ ಊರಲ್ಲಿತ್ತು" ಎಂದು ಹಲ್ಲುಜ್ಜುತ್ತ ನಕ್ಕಿದ್ದಳು.

ಗಾಜಿನಾಚೆ ಎರಡನೇ ಸುತ್ತು ಮುಗಿಯುತ್ತ ಬಂದಿತ್ತು. ಅಕ್ಕ ತಂಗಿಯ ಹೆಸರಿನ ಮೇಲೆ ಬೆರಳಿಟ್ಟಳು. ಏನು ಹೇಳುವುದು? ನಾನು ಇಲ್ಲಿಂದ ನೋಡುತ್ತಿದ್ದೇನೆ, ನಿನಗೆ ಸುಸ್ತಾಗಿದೆ ಎಂದೇ? ಅಕ್ಕನಿಗೆ ಎಲ್ಲದಕ್ಕೂ ಭಯ ಎಂದು ಇಡೀ ಮನೆಗೇ ಗೊತ್ತು. ಅಲ್ಲದೆ ಹೇಳಿದರೆ ಆಗುವುದೇನೆಂದೂ ಅವಳಿಗೆ ತಿಳಿದಿತ್ತು. ಹಾರಲಾರೆ ಎಂದ ಹೊಸಬರನ್ನು ಮುಖ್ಯ ಪೈಲಟ್ ಕರೆಸುತ್ತಾರೆ. ನಿಯಮದಲ್ಲಿ ಅದು ಶಿಕ್ಷೆಯಲ್ಲ. ಆದರೆ ವರ್ಷದ ಕೊನೆಗೆ ಯಾರು ಉಳಿದರು, ಯಾರು ಹೋದರು ಎಂಬುದು ನಿಯಮವನ್ನು ಕೇಳಿ ನಡೆಯುವುದಿಲ್ಲ. ಹೇಳದಿದ್ದರೆ? ಅಕ್ಕ ಗೇಟಿನಲ್ಲಿ ಕೂತವರನ್ನೊಮ್ಮೆ ನೋಡಿದಳು. ಮಡಿಲಲ್ಲಿ ಮಗುವನ್ನು ಮಲಗಿಸಿಕೊಂಡ ಹೆಂಗಸು ಬಾಳೆಹಣ್ಣು ಸುಲಿಯುತ್ತಿದ್ದಳು.

ಮತ್ತೆ ಹೊರಗೆ ನೋಡಿದಾಗ ಗುಬ್ಬಿ ವಿಮಾನದ ಮೂಗಿನ ಮುಂದೆ ನಿಂತಿದ್ದಳು. ಚಕ್ರದ ಕಡೆ ಕೈ ಚಾಚಿದ್ದಳು. ಮೂರನೇ ಸಲ. ಕೈ ಚಕ್ರವನ್ನು ಮುಟ್ಟಲಿಲ್ಲ. ಗಾಳಿಯಲ್ಲೇ ನಿಂತಿತು. ಗುಬ್ಬಿ ತನ್ನ ಕೈಯನ್ನು ಬೇರೆ ಯಾರದೋ ಎಂಬಂತೆ ನೋಡಿದಳು. ಆಮೇಲೆ ಅದನ್ನು ನಿಧಾನಕ್ಕೆ ಇಳಿಸಿ, ಮೆಟ್ಟಿಲು ಹತ್ತಿ ವಿಮಾನದೊಳಗೆ ಹೋದಳು.

ಸ್ವಲ್ಪ ಹೊತ್ತಿನಲ್ಲೇ ಪೆಟ್ಟಿಗೆ ಹಿಡಿದು ಇಳಿದು ಬಂದಳು.

ಅಕ್ಕ ಫೋನನ್ನು ಕೈಚೀಲಕ್ಕೆ ಹಾಕಿದಳು. ಆಮೇಲೆ, ಏಕೋ, ಉಸಿರು ಸಲೀಸಾಯಿತು.

ಗೇಟಿನ ಬಾಗಿಲಿಂದ ಒಳಗೆ ಬಂದ ಗುಬ್ಬಿ ಅಕ್ಕನ ಕಡೆ ಕೈಸನ್ನೆ ಮಾಡಿ, ಗೋಡೆಯ ಬದಿಗೆ ನಿಂತು ಫೋನಿನಲ್ಲಿ ಮಾತು ಮುಂದುವರಿಸಿದಳು. ಡ್ಯೂಟಿ ಹಂಚುವ ವಿಭಾಗದವನ ದನಿ ಎಷ್ಟು ಜೋರಾಗಿತ್ತೆಂದರೆ ಪಕ್ಕದಲ್ಲಿ ನಿಂತ ಅಕ್ಕನಿಗೂ ಕೇಳಿಸಿತು.

"ಮೇಡಂ, ನಿಮಗೆ ಕೊಡಬೇಕಾದಷ್ಟು ವಿಶ್ರಾಂತಿ ಕೊಟ್ಟಿದೀವಿ. ಸಿಸ್ಟಮ್ಮಲ್ಲಿ ಹಸಿರು ತೋರಿಸ್ತಿದೆ."

"ಸಿಸ್ಟಮ್ಮಿಗೆ ನಿದ್ದೆ ಆಗಿದೆ ಸರ್. ನನಗಾಗಿಲ್ಲ."

"ಡ್ಯೂಟಿ ಬದಲಾಯಿಸ್ಕೊಂಡಿದ್ದು ನೀವೇ ತಾನೆ? ಒತ್ತಾಯ ಮಾಡಿದ್ವಾ?"

ಗುಬ್ಬಿ ಒಂದು ಕ್ಷಣ ಕಣ್ಣು ಮುಚ್ಚಿದಳು. "ಇಲ್ಲ ಸರ್. ನಾನೇ ಕೇಳಿದ್ದು. ಆಗುತ್ತೆ ಅಂದ್ಕೊಂಡೆ. ತಪ್ಪು ನಂದೇ."

"ಪ್ರೊಬೇಷನ್ನಲ್ಲಿದೀರಿ. ಇನ್ನೊಂದ್ಸಲ ಯೋಚಿಸಿ ಹೇಳಿ. ಬರೀ ಒಂದು ಗಂಟೆ ಹಾರಾಟ."

"ಯೋಚಿಸಿದೆ ಸರ್. ಇವತ್ತು ನಾನು ಹಾರೋ ಸ್ಥಿತಿಯಲ್ಲಿಲ್ಲ. ಹೀಗೇ ಬರ್ಕೊಳ್ಳಿ."

ಆ ದನಿಯಲ್ಲಿ ಬೇಡಿಕೆಯಿರಲಿಲ್ಲ, ಜಗಳವೂ ಇರಲಿಲ್ಲ. ಅಕ್ಕ ತಂಗಿಯ ಈ ದನಿಯನ್ನು ಎಂದೂ ಕೇಳಿರಲಿಲ್ಲ. ಫೋನಿಟ್ಟ ಮೇಲೆ ಗುಬ್ಬಿ ಪೆಟ್ಟಿಗೆಯನ್ನು ಗೋಡೆಗೆ ಒರಗಿಸಿದಳು. "ನಾಲ್ಕು ಗಂಟೆಗೆ ಮುಖ್ಯ ಪೈಲಟ್ ಬರ್ತಾರಂತೆ. ಕಾಯ್ಬೇಕಂತೆ ನಾನು" ಎಂದಳು.

ಅವಳ ಹಿಂದೆಯೇ ನರೆಗೂದಲ ಕ್ಯಾಪ್ಟನ್ ಬಂದರು. ಅಕ್ಕನನ್ನು ನೋಡಿ, "ನೀವೇ ಅಲ್ವಾ ಭಯದ ಅಕ್ಕ?" ಎಂದರು. ಅಕ್ಕ ನಾಚಿ ತಲೆಯಾಡಿಸಿದಳು. "ನಂಗೆ ಏನೂ ಗೊತ್ತಾಗಿರ್ಲಿಲ್ಲ ನೋಡಿ. ನಮಸ್ಕಾರ ಅಂದ್ಲು, ನಕ್ಕಳು, ಎಲ್ಲ ಸರಿಯಾಗೇ ಇತ್ತು. ಇವಳು ಬಾಯಿ ಬಿಡದಿದ್ರೆ ಪಕ್ಕದಲ್ಲಿ ಕೂರಿಸ್ಕೊಂಡು ಹೊರಟೇಬಿಡ್ತಿದ್ದೆ." ಗುಬ್ಬಿಯ ಭುಜವನ್ನೊಮ್ಮೆ ತಟ್ಟಿ ಹೇಳಿದರು: "ನಾಲ್ಕು ಗಂಟೆಗೆ ನನ್ನ ಹೆಸರು ಹೇಳು. ಕ್ಯಾಪ್ಟನ್ ಒಪ್ಪಿದ್ರು ಅನ್ನು. ನಾನೂ ಬರೆದು ಕಳಿಸ್ತೀನಿ."

ಹೊಸ ಕೋ-ಪೈಲಟ್ ಬರುವವರೆಗೆ ವಿಮಾನ ತಡ ಎಂದು ಗೇಟಿನಲ್ಲಿ ಘೋಷಣೆಯಾಯಿತು. ಗೊಣಗಾಟ ಎದ್ದಿತು. ಗುಬ್ಬಿ ಅಲ್ಲೇ ನಿಂತಿದ್ದುದರಿಂದ ಯಾರಿಗೂ ವಿಷಯ ತಿಳಿಯಲು ತಡವಾಗಲಿಲ್ಲ. ಬ್ರೀಫ್‌ಕೇಸಿನ ಗಂಡಸೊಬ್ಬ ಎಲ್ಲರಿಗೂ ಕೇಳುವಂತೆ, "ಪೈಲಟ್ಟಿಗೆ ನಿದ್ದೆ ಬಂತಂತೆ! ನಮ್ಗೂ ಆಫೀಸಲ್ಲಿ ದಿನಾ ಬರುತ್ತಪ್ಪ, ಹೇಳ್ತೀವಾ?" ಎಂದ. ಕೆಲವರು ನಕ್ಕರು.

ಚಿಲ್ಲರೆ ಕಡಿಮೆ ಕೊಟ್ಟ ಅಂಗಡಿಯವನ ಜೊತೆಗೂ ವಾದ ಮಾಡದ ಅಕ್ಕ ತಿರುಗಿ ನಿಂತಳು. "ನಿಮ್ಮ ಆಫೀಸು ನೆಲದ ಮೇಲಿದೆ ಸರ್."

ಬಾಳೆಹಣ್ಣಿನ ಹೆಂಗಸು ಕಿಸಕ್ಕೆಂದಳು. ಗಂಡಸು ಬ್ರೀಫ್‌ಕೇಸಿನಲ್ಲಿ ಏನನ್ನೋ ಹುಡುಕತೊಡಗಿದ. ಗುಬ್ಬಿ ಅಕ್ಕನ ಕೈ ಹಿಡಿದು ಕುರ್ಚಿಗಳ ಕಡೆ ಎಳೆದುಕೊಂಡು ಹೋದಳು.

"ಅಮ್ಮನಿಗೆ ಹೇಗೆ ಹೇಳೋದೇ?" ಎಂದಳು ಅಕ್ಕ. "ಬೇಲಿ ಹತ್ರ ಊರನ್ನೇ ನಿಲ್ಲಿಸಿರ್ತಾಳೆ. ಚಿಕ್ಕಮ್ಮನೂ ಇರ್ತಾಳೆ. ನಾನೇ ಏನಾದ್ರೂ ನೆಪ..."

"ಬೇಡ." ಗುಬ್ಬಿ ಆಗಲೇ ಫೋನು ಕಿವಿಗಿಟ್ಟಿದ್ದಳು. "ಅಮ್ಮಾ, ಅಕ್ಕ ಬರ್ತಿದಾಳೆ, ಸ್ವಲ್ಪ ತಡ ಆಗುತ್ತೆ. ನಾನು ಬರ್ತಿಲ್ಲ. ವಿಮಾನ ಬೇರೆಯವರು ತರ್ತಾರೆ. ನಂಗೆ ನಿದ್ದೆ ಸಾಲಿಲ್ಲಮ್ಮ."

ಆ ಕಡೆ ಗಾಳಿಯ ಸದ್ದು, ಜನರ ಮಾತು. ಬೇಲಿಯ ಹತ್ತಿರವೇ ಇದ್ದಳು ಅಮ್ಮ.

"ನಿದ್ದೆ ಸಾಲ್ದಿದ್ರೆ ಮಲಗು" ಎಂದಳು ಅಮ್ಮ. "ನಿಂತ್ಕೊಂಡು ಫೋನಲ್ಲಿ ಏನು ಮಾತಾಡ್ತಿದೀಯ? ಮಲಗೇ ಮೊದ್ಲು."

ಗುಬ್ಬಿ ಫೋನು ಇಳಿಸಿ ಅಕ್ಕನನ್ನು ನೋಡಿದಳು. ಇಬ್ಬರಿಗೂ ನಗು ಬಂತು. ಗುಬ್ಬಿಯ ನಗು ಅರ್ಧಕ್ಕೇ ಒದ್ದೆಯಾಯಿತು. ಅಕ್ಕ ಕರವಸ್ತ್ರ ಕೊಟ್ಟು ಬೇರೆ ಕಡೆ ನೋಡಿದಳು.

"ನಾನೂ ಹೋಗಲ್ಲ. ನಿನ್ನ ಜೊತೆ ಕೂತಿರ್ತೀನಿ."

"ಹೋಗ್ಬೇಕು ನೀನು. ಅಮ್ಮ ಬರಿಗೈಲಿ ಮನೆಗೆ ಹೋಗಬಾರ್ದು."

"ನೀನಿಲ್ಲದೆ ನಾನು..."

"ವಿಮಾನಕ್ಕೇನೂ ಆಗಿಲ್ಲಕ್ಕ. ಎರಡು ಸಲ ನೋಡಿದೀನಲ್ಲ."

"ನಾನೂ ನೋಡಿದೆ" ಎಂದಳು ಅಕ್ಕ. ಫೋನು ಹಿಡಿದು ನಿಂತಿದ್ದನ್ನು ಹೇಳಲಿಲ್ಲ. ಗುಬ್ಬಿ ತಲೆಯನ್ನು ಅವಳ ಭುಜಕ್ಕೆ ಒರಗಿಸಿದಳು.

ಸ್ಟ್ಯಾಂಡ್‌ಬೈ ಹುಡುಗ ಓಡುತ್ತ ಬಂದ. ತಲೆಯಿನ್ನೂ ಒದ್ದೆ, ಟೈ ಕೈಯಲ್ಲಿ. ಗುಬ್ಬಿಯ ಜೊತೆಗೇ ಕೆಲಸಕ್ಕೆ ಸೇರಿದವನು ಅವನು. "ಹನ್ನೊಂದು ದಿನದಿಂದ ಮನೇಲಿ ಕೂತು ಗೋಡೆ ನೋಡ್ತಿದ್ದೆ ಕಣೇ" ಎಂದ, ಟೈ ಬಿಗಿಯುತ್ತ. "ನಿನ್ನ ನಿದ್ದೆ, ನನ್ನ ಸಂಬಳ." ಅಷ್ಟರಲ್ಲಿ ಅವಳ ಮುಖ ಕಂಡು ದನಿ ತಗ್ಗಿಸಿದ. "ಹೋದ ತಿಂಗಳು ನಾನೂ ಹೇಳ್ಬೇಕಿತ್ತು. ಧೈರ್ಯ ಬರ್ಲಿಲ್ಲ."

"ಮುಂದಿನ ಚಕ್ರ ಸರಿಯಾಗಿ ನೋಡು" ಎಂದಳು ಗುಬ್ಬಿ. "ನನ್ನ ಅಕ್ಕ ಕೂರ್ತಾಳೆ."

ಅಕ್ಕನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬೆಲ್ಟಿನ ಕೊಂಡಿ ಹಾಕಿಕೊಂಡಳು. ಇನ್ನೊಮ್ಮೆ ಜಗ್ಗಿ ನೋಡಲೆಂದು ಹೋದ ಕೈಯನ್ನು ತಡೆದು ಮಡಿಲಲ್ಲಿ ಇಟ್ಟುಕೊಂಡಳು. ಕೆಳಗೆ ಆ ಹುಡುಗ ಹಳದಿ ಜಾಕೆಟ್ಟಿನಲ್ಲಿ ರೆಕ್ಕೆಯಡಿ ಹಾದುಹೋದ. ಒಂದೇ ಸುತ್ತು. ಆಮೇಲೆ ಮೆಟ್ಟಿಲು ಮೇಲಕ್ಕೆ ಮಡಚಿಕೊಂಡಿತು, ಬಾಗಿಲು ಮುಚ್ಚಿತು. ಪ್ರೊಪೆಲ್ಲರು ಒಂದೊಂದೇ ಅಲಗನ್ನು ಎಣಿಸುವಂತೆ ತಿರುಗಿ, ಬರಬರುತ್ತ ಬರೀ ಬೆಳಕಾಯಿತು. ಚಕ್ರ ಹೊರಳಿತು.

ವಿಮಾನ ನಿಧಾನವಾಗಿ ತಿರುಗುವಾಗ ಗೇಟಿನ ಆ ದೊಡ್ಡ ಗಾಜು ಅಕ್ಕನ ಕಿಟಕಿಯಲ್ಲಿ ಹಾದುಹೋಯಿತು. ಗಾಜಿನೊಳಗೆ ಖಾಲಿ ಕುರ್ಚಿಗಳ ಸಾಲು. ಅದರ ಮೇಲೆ ಕೋಟನ್ನು ಹೊದ್ದು, ಮೊಣಕಾಲು ಮಡಚಿ, ಒಬ್ಬಳು ಮಲಗಿದ್ದಳು. ಕೆಳಗೆ ಅವಳ ಕರಿ ಬೂಟುಗಳು, ಒಂದರ ಪಕ್ಕ ಇನ್ನೊಂದು, ಮೂತಿಯನ್ನು ಹೊರಗಿನ ರನ್‌ವೇಗೆ ತಿರುಗಿಸಿಕೊಂಡು ನೆಟ್ಟಗೆ ಕೂತಿದ್ದವು.