ಕಂಬಗಳ ಕೆಳಗೆ ಓಡಿದ ರೈಲು

ನಾನು ಒಂದು ಪುಟ್ಟ ರೈಲಿನ ಇಂಜಿನ್. ಹುಬ್ಬಳ್ಳಿಯ ಹೊರವಲಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಹುಟ್ಟಿದೆ. ದೊಡ್ಡ ಇಂಜಿನ್ನುಗಳ ಹಾಗೆ ಊರಿಂದೂರಿಗೆ ಓಡುವ ಯೋಗ ನನ್ನ ಹಣೆಯಲ್ಲಿ ಬರೆದಿರಲಿಲ್ಲ. ನನ್ನ ಹೊಟ್ಟೆಯೊಳಗೆ ಕೂರಿಸಿದ್ದು ಟ್ರ್ಯಾಕ್ಟರಿನ ಡೀಸೆಲ್ ಯಂತ್ರ. ಹಳೇ ಕಾಲದ ಉಗಿಬಂಡಿಯಂತೆ ಕಾಣಲಿ ಎಂದು ನೆತ್ತಿಯ ಮೇಲೊಂದು ತಗಡಿನ ಕೊಳವೆ ನಿಲ್ಲಿಸಿದರು. ಹೊಗೆ ಮಾತ್ರ ಅದರಿಂದ ಬರುತ್ತಿರಲಿಲ್ಲ, ಕೆಳಗಿನಿಂದ ಬರುತ್ತಿತ್ತು. ಬಣ್ಣ ಬಳಿಯುತ್ತಿದ್ದವನಿಗೆ ಅರ್ಧದಲ್ಲಿ ಹಸಿರು ಮುಗಿದುಹೋಯಿತು. ಬೆನ್ನಿಗೆ ನೀಲಿ ಬಳಿದು, ‘ಹಿಂದೆ ಯಾರು ನೋಡ್ತಾರ ಬಿಡು’ ಅಂದ.

ನನ್ನನ್ನೂ ನಾಲ್ಕು ಬೋಗಿಗಳನ್ನೂ ಲಾರಿಗೆ ಹೇರಿ ಶಿರಾ ಸೀಮೆಗೆ ತಂದರು. ಹೆದ್ದಾರಿಯಿಂದ ಒಳಗೆ ಬಂಡೆಗುಡ್ಡಗಳ ನಡುವೆ ‘ನಂದನಲೋಕ’ ಎಂಬ ರೆಸಾರ್ಟ್ ಏಳುತ್ತಿತ್ತು. ನೀರಾಟದ ಕೊಳಗಳು, ಜಾರುಬಂಡೆಗಳು, ತಿರುಗುವ ತೊಟ್ಟಿಲುಗಳು ಒಂದು ಕಡೆ. ಉಳಿಯುವ ಹೋಟೆಲು ಕೆರೆಯ ಆಚೆ ದಡದಲ್ಲಿ. ಇವೆರಡರ ನಡುವೆ ನಡೆದರೆ ಬಿಸಿಲಿಗೆ ನೆತ್ತಿ ಸುಟ್ಟುಹೋಗುವಷ್ಟು ದೂರ. ಯಜಮಾನ ಗಂಗಾಧರಪ್ಪನವರು ಆಯುಷ್ಯವೆಲ್ಲ ಬಸ್ಸು ಓಡಿಸಿ ದೊಡ್ಡವರಾದವರು. ಆದರೂ ತಮ್ಮದೇ ಜಾಗದೊಳಗೆ ಜನರನ್ನು ಹೇಗೆ ಸಾಗಿಸಬೇಕು ಎಂಬುದು ಅವರಿಗೆ ಬಗೆಹರಿದಿರಲಿಲ್ಲ.

ಅದನ್ನು ಬಗೆಹರಿಸಲೆಂದೇ ಮಂದಾಕಿನಿಯವರನ್ನು ನೇಮಿಸಿಕೊಂಡಿದ್ದರು. ನಲವತ್ತರ ಆಸುಪಾಸಿನ ಇಂಜಿನಿಯರ್. ಎಳವೆಯಲ್ಲಿ ಪೋಲಿಯೋ ಬಂದು ಎಡಗಾಲು ಸೊರಗಿತ್ತು. ನಡೆಯುವಾಗ ಮೊಣಕಾಲಿನ ಮೇಲೆ ಕೈಯೂರಿ ಒಂದೊಂದೇ ಹೆಜ್ಜೆ ಇಡುತ್ತಿದ್ದರು. ನಾನು ನೆಲಕ್ಕೆ ಹತ್ತಿರದವನು. ಅವರ ಮುಖಕ್ಕಿಂತ ಮೊದಲು ನಾನು ಗುರುತು ಹಿಡಿದದ್ದು ಆ ಹೆಜ್ಜೆಯನ್ನು.

ನನ್ನನ್ನು ಆಗಿನ್ನೂ ಕೊಂಡಿರಲಿಲ್ಲ, ಹೆಣ್ಣು ನೋಡುವ ಶಾಸ್ತ್ರಕ್ಕೆ ಕರೆಸಿದಂತೆ ಪರೀಕ್ಷೆಗೆ ಕರೆಸಿದ್ದರು. ನನ್ನ ಜೊತೆ ಇನ್ನೂ ಕೆಲವರು ನಿಂತಿದ್ದರು. ಸದ್ದಿಲ್ಲದೆ ಹೋಗುವ ಬ್ಯಾಟರಿ ಗಾಡಿಗಳಿದ್ದವು, ನೋಡಲು ಲಕ್ಷಣವಾಗಿದ್ದವು. ಗಂಗಾಧರಪ್ಪನವರ ಹಳೇ ಮಿನಿ ಬಸ್ಸೊಂದು ಹೊಸ ಬಣ್ಣ ಹೊಡೆಸಿಕೊಂಡು ಬಂದಿತ್ತು. ಕೆರೆ ದಾಟಿಸುವ ರೋಪ್‌ವೇ, ಆಕಾಶದಲ್ಲಿ ಕಂಬಗಳ ಮೇಲೆ ಓಡುವ ಮೋನೋರೈಲು, ಇವೆರಡೂ ಚಿತ್ರಗಳಾಗಿ ಗೋಡೆಯ ಮೇಲಿದ್ದವು.

ಮಂದಾಕಿನಿಯವರು ಯಂತ್ರಗಳನ್ನು ನೋಡಿದ್ದಕ್ಕಿಂತ ಜನರನ್ನು ನೋಡಿದ್ದೇ ಹೆಚ್ಚು. ಕೊಳಗಳು ಆಗಲೇ ತೆರೆದಿದ್ದವು. ಮರದ ಕೆಳಗೆ ಕುರ್ಚಿ ಹಾಕಿಕೊಂಡು ಇಡೀ ದಿನ ಕೂರುತ್ತಿದ್ದರು. ಬ್ಯಾಟರಿ ಗಾಡಿಯಲ್ಲಿ ಅರ್ಧ ಸಂಸಾರ ಹೋಗಿ ಅರ್ಧ ಹಿಂದೆ ಉಳಿಯುತ್ತಿತ್ತು. ಉಳಿದವರಲ್ಲಿ ಯಾವಾಗಲೂ ಅಜ್ಜಿ ಒಬ್ಬರು ಇರುತ್ತಿದ್ದರು. ಬಸ್ಸಿನ ಮೆಟ್ಟಿಲು ಎತ್ತರ, ಒದ್ದೆ ಬಟ್ಟೆಯ ಮಕ್ಕಳು ಜಾರುತ್ತಿದ್ದವು. ಊಟದ ಹೊತ್ತಿಗಂತೂ ಎಲ್ಲರಿಗೂ ಒಟ್ಟಿಗೇ ಹಸಿವು.

ಒಂದು ಮಧ್ಯಾಹ್ನ ಗಂಗಾಧರಪ್ಪನವರು ನನ್ನ ಮೊದಲ ಬೋಗಿಯಲ್ಲೇ ಕೂತು ಕೇಳಿದರು.

“ಏನಮ್ಮ, ಯಾವುದನ್ನ ಇಟ್ಕೊಳಣ?”

“ರೈಲನ್ನೇ ಇಟ್ಕೊಳಿ ಸಾರ್. ನಿಧಾನ, ನಿಜ. ಆದ್ರೆ ಒಂದೇ ಸಲಕ್ಕೆ ಇಡೀ ಸಂಸಾರ ಕೂರತ್ತೆ. ನೆಲದಿಂದ ಒಂದೇ ಹೆಜ್ಜೆ, ನಾನೇ ಹತ್ತಿದ್ದೀನಿ ನೋಡಿ.”

“ಮೋನೋರೈಲು?”

“ಯಾವುದೇ ಗಾಡಿ ಆಗ್ಲಿ ಸಾರ್, ಒಂದಲ್ಲ ಒಂದಿನ ಕೆಟ್ಟು ನಿಲ್ಲತ್ತೆ. ನಿಂತಾಗ ಜನ ಇಳ್ಕೊಂಡು ನಡ್ಕೊಂಡು ಹೋಗೋಕಾಗತ್ತಾ? ನಾನು ಕೇಳೋದು ಇಷ್ಟೇ. ಆಕಾಶದಲ್ಲಿ ನಿಂತ್ರೆ ಎಲ್ಲಿಗೆ ಇಳೀತಾರೆ?”

ಗಂಗಾಧರಪ್ಪನವರು ಎಷ್ಟೋ ಸಲ ಘಾಟಿಯಲ್ಲಿ ಕೆಟ್ಟು ನಿಂತ ಬಸ್ಸಿನ ಪಕ್ಕ ನಿಂತವರು. ಅವರಿಗೆ ಮಾತು ನಾಟಿತು. “ಸರಿ ಕಣಮ್ಮ, ಇದೇ ಇರ್ಲಿ” ಎಂದು ನನ್ನ ಬೆನ್ನು ತಟ್ಟಿದರು. ನನ್ನ ಬಾಳಿನಲ್ಲಿ ನನ್ನನ್ನು ಬೇಕೆಂದು ಆರಿಸಿಕೊಂಡದ್ದು ಆ ಒಂದು ಸಲ.

ಕೆರೆಯ ಸುತ್ತ ಹಳಿ ಹಾಕಿದರು. ನನ್ನನ್ನು ಓಡಿಸಲು ರವೂಫ್ ಸಾಬರು ಬಂದರು. ಗಂಗಾಧರಪ್ಪನವರ ಬಸ್ಸುಗಳಲ್ಲೇ ಕೂದಲು ನೆರೆಸಿಕೊಂಡವರು. ಅವರಿಗೆ ಮಾತು ಬೇಕು. ಕೇಳುವವರಿಲ್ಲದಿದ್ದರೆ ನನ್ನ ಜೊತೆಯೇ ಮಾತಾಡುವರು. ಸಂಜೆ ಕೆಲಸ ಮುಗಿದ ಮೇಲೆ ಮಂದಾಕಿನಿಯವರು ಕೊನೆಯ ಬೋಗಿಯಲ್ಲಿ ಕಾಲು ನೀಡಿ ಕೂತು ಒಂದು ಸುತ್ತು ಬರುತ್ತಿದ್ದರು. ಅದೇ ನನ್ನ ಒಳ್ಳೆಯ ಕಾಲ. ಅದು ಬಹಳ ದಿನ ಉಳಿಯಲಿಲ್ಲ.

ಯಜಮಾನರ ಅಳಿಯ ಪ್ರೀತಮ್ ಪರದೇಶದ ಇಂಥದೇ ಜಾಗಗಳನ್ನು ಸುತ್ತಿಕೊಂಡು ಬಂದ. ಕೆಟ್ಟವನೇನಲ್ಲ. ನನ್ನ ಪಕ್ಕ ನಿಂತು ನಗುತ್ತಲೇ ಹೇಳಿದ, “ಮೇಡಂ, ಇದು ಚೆನ್ನಾಗೇ ಇದೆ. ಆದ್ರೆ ಇದನ್ನ ನೋಡೋಕೆ ಬೆಂಗಳೂರಿಂದ ಯಾರ್ ಬರ್ತಾರೆ? ಹೆದ್ದಾರಿಗೆ ಕಾಣೋ ಹಾಗೆ ಆಕಾಶದಲ್ಲಿ ಏನಾದ್ರೂ ಓಡ್ಬೇಕು.”

ಮಾವ ಮೊದಲು ಒಪ್ಪಲಿಲ್ಲ. ಆಮೇಲೆ ಮಗಳು ಹೇಳಿದಳು. ಆಮೇಲೆ ಪಕ್ಕದ ಜಿಲ್ಲೆಯಲ್ಲಿ ಇನ್ನೊಂದು ರೆಸಾರ್ಟ್ ಎದ್ದಿತು. ಕೊನೆಗೆ ಅವರೂ ಮಾತು ಬದಲಿಸಿದರು. ಕಂಬಗಳು ಏಳತೊಡಗಿದವು. ಒಂದು ಕಂಬದ ಪಾಯ ಕೆರೆಯಂಚಿನಲ್ಲಿ ನನ್ನ ಹಳಿಯ ಮೇಲೇ ಬಿತ್ತು. ಅಲ್ಲಿಂದ ಮುಂದಿನ ಹಳಿಯನ್ನೆಲ್ಲ ಕಿತ್ತುಹಾಕಿದರು. ಕೆಲಸ ಮುಗಿದ ಮೇಲೆ ಸುತ್ತಿಬಳಸಿ ಮತ್ತೆ ಹಾಕಿಸುತ್ತೇವೆಂದರು. ನಾನು ರೆಸಾರ್ಟಿನ ಹೆಬ್ಬಾಗಿಲಿಂದ ಆ ಪಾಯದವರೆಗೆ ಹೋಗಿ, ಹಿಮ್ಮುಖವಾಗಿ ವಾಪಸು ಬರುವವನಾದೆ. ನೀಲಿ ಬಳಿದ ಬೆನ್ನೇ ಅರ್ಧ ದಿನ ನನ್ನ ಮುಖವಾಯಿತು.

ಮಂದಾಕಿನಿಯವರು ವಾದಿಸಿದರು. ಒಂದು ದಿನ ರಾಜೀನಾಮೆಯ ಮಾತನ್ನೂ ಆಡಿದರು. ಗಂಗಾಧರಪ್ಪನವರು ತಣ್ಣಗೆ ಹೇಳಿದರು, “ಹೋಗೋದಾದ್ರೆ ಹೋಗಮ್ಮ, ತಡೆಯಲ್ಲ. ಆದ್ರೆ ಈ ರೈಲಿನ ಪರವಾಗಿ ಮಾತಾಡೋರು ಆಮೇಲೆ ಇಲ್ಲಿ ಯಾರಿರ್ತಾರೆ, ನೀನೇ ಯೋಚ್ನೆ ಮಾಡು.”

ಅವರು ಉಳಿದರು. ಅವರ ಕೋಣೆಯ ಬಾಗಿಲಿಗೆ ‘ಸಾರಿಗೆ ಮುಖ್ಯಸ್ಥೆ’ ಎಂಬ ಹೊಸ ಹಲಗೆ ಬಂತು. ನೆಲದ ಮೇಲಿನದಕ್ಕೂ ಆಕಾಶದಲ್ಲಿನದಕ್ಕೂ ಅವರೇ ಮುಖ್ಯಸ್ಥೆ. ಕಿತ್ತ ಹಳಿಯನ್ನು ಮತ್ತೆ ಹಾಕಿಸಿ ಎಂದು ಹೋದಲ್ಲೆಲ್ಲ ಕೇಳಿದರು. ನಿಂತ ಮೋನೋರೈಲಿನಿಂದ ಜನರನ್ನು ಇಳಿಸಲು ಉದ್ದದ ಏಣಿಯ ಗಾಡಿ ತರಿಸಿ ಎಂದು ಕೇಳಿದರು. ‘ಆಗಲಿ’ ಎಂದೇ ಎಲ್ಲರೂ ಅಂದರು.

ಮೋನೋರೈಲು ಬಂತು. ಬೆಳ್ಳಿಬಣ್ಣದ ಮೈ, ತೆರೆಯಲು ಬಾರದ ಗಾಜಿನ ಕಿಟಕಿ, ಒಳಗೆ ಏಸಿ. ನಾನೂ ಕತ್ತೆತ್ತಿ ನೋಡಿದೆ. ಸುಳ್ಳು ಹೇಳಬಾರದು, ಚೆಂದವಿತ್ತು. ಮಕ್ಕಳು ನನ್ನೊಳಗೆ ಕೂತೇ ಅದರತ್ತ ಕೈ ಬೀಸುತ್ತಿದ್ದರು.

ಏಪ್ರಿಲ್ಲಿನ ಒಂದು ಹಗಲು ಅದು ಕೆರೆಯ ಆಚೆ ಬದಿಯಲ್ಲಿ, ಬಂಡೆಗಳ ಮೇಲೆ, ಎರಡು ಕಂಬಗಳ ನಡುವೆ ನಿಂತುಹೋಯಿತು. ಕರೆಂಟು ಹೋಗಿ ಏಸಿಯೂ ನಿಂತಿತು. ಒಳಗೆ ಒಂದು ಶಾಲೆಯ ಮಕ್ಕಳು, ಅವರ ಜೊತೆ ಪದ್ಮಾವತಿ ಎಂಬ ಟೀಚರ್. ಗಾಜಿಗೆ ಅಂಟಿಕೊಂಡ ಪುಟ್ಟ ಅಂಗೈಗಳು ನನಗೆ ಈ ದಡದಿಂದಲೇ ಕಾಣುತ್ತಿದ್ದವು.

ಮಂದಾಕಿನಿಯವರು ಕುಂಟುತ್ತ ಓಡಿಬಂದು ನನ್ನೊಳಗೆ ಕೂತರು. “ಸಾಬ್ರೇ, ಎಲ್ಲಿವರೆಗೆ ಆಗತ್ತೋ ಅಲ್ಲಿವರೆಗೆ ಹೊಡೀರಿ.”

ಆ ಪಾಯದವರೆಗೆ ಓಡಿದೆ. ಅಲ್ಲಿಗೆ ನನ್ನ ಲೋಕ ಮುಗಿಯಿತು. ಹಳಿ ಇದ್ದಿದ್ದರೆ ನೇರ ಮೋನೋರೈಲಿನ ಕೆಳಗೇ ಹೋಗಿ ನಿಲ್ಲುತ್ತಿದ್ದೆ. ಬ್ಯಾಟರಿ ಗಾಡಿಗಳು ಬಂಡೆ ಹತ್ತಲಾರವು. ಏಣಿಯ ಗಾಡಿ ಬಂದೇ ಇರಲಿಲ್ಲ. ಸೊರಗಿದ ಕಾಲನ್ನೆಳೆದುಕೊಂಡು ಅವರು ಬಂಡೆಗಳ ಮೇಲೆ ಹೊರಟರು, ಹಿಂದೆ ರವೂಫ್ ಸಾಬರು. ನಾನು ಉಸಿರು ಬಿಡುತ್ತ ನಿಂತೆ.

ಶಿರಾದಿಂದ ಅಗ್ನಿಶಾಮಕದವರು ಬಂದು ಗಾಜು ಒಡೆದು ಇಳಿಸುವಷ್ಟರಲ್ಲಿ ಮಕ್ಕಳು ಬಾಡಿಹೋಗಿದ್ದರು, ಆದರೆ ಬದುಕಿದ್ದರು. ಇದ್ದ ನೀರನ್ನೆಲ್ಲ ಟೀಚರ್ ಅವರಿಗೇ ಕುಡಿಸಿದ್ದರಂತೆ. ಆಕೆಗೆ ಎದೆಯ ಕಾಯಿಲೆ ಇತ್ತು. ಹೋಟೆಲಿನ ಮಂಚವೊಂದರ ಮೇಲೆ ಮಲಗಿಸಿ ನನ್ನವರೆಗೆ ಹೊತ್ತು ತಂದರು. ನನ್ನ ಬೋಗಿಗೆ ಏರಿಸಿದರು. ನನ್ನ ಬಾಳಿನಲ್ಲಿ ನಾನು ಅಷ್ಟು ವೇಗವಾಗಿ ಎಂದೂ ಓಡಿರಲಿಲ್ಲ. ಆಂಬುಲೆನ್ಸ್ ಕಾದಿದ್ದ ಹೆಬ್ಬಾಗಿಲು ಮುಟ್ಟುವ ಮೊದಲೇ ಮಂದಾಕಿನಿಯವರು ಆಕೆಯ ಕೈಯನ್ನು ಮೆಲ್ಲಗೆ ಕೆಳಗಿಟ್ಟು, “ಸಾಬ್ರೇ, ನಿಧಾನಕ್ಕೆ ಹೋಗಿ” ಅಂದರು.

ಪೊಲೀಸರು ಬಂದಾಗ ಸಾರಿಗೆಗೆ ಹೊಣೆ ಯಾರು ಎಂದರು. ಉತ್ತರ ಮಂದಾಕಿನಿಯವರ ಕೋಣೆಯ ಬಾಗಿಲ ಮೇಲೇ ಇತ್ತು. ಪ್ರೀತಮ್ ಊರಲ್ಲಿರಲಿಲ್ಲ. ಗಂಗಾಧರಪ್ಪನವರು ನನ್ನ ಬೋಗಿಯ ಪಕ್ಕದಲ್ಲೇ ನಿಂತು, ನೆಲ ನೋಡುತ್ತ ಹೇಳಿದರು, “ವಕೀಲರನ್ನ ನಾನೇ ಇಡ್ತೀನಮ್ಮ. ಅಳಿಯನ ಹೆಸರು ಮಾತ್ರ ತರಬೇಡ. ಮಗಳ ಬಾಳು.”

“ನಾನು ಯಾರ ಹೆಸರು ಹೇಳಿದ್ರೂ ಆ ಟೀಚರ್ ಬರಲ್ಲ ಸಾರ್” ಎಂದರು ಮಂದಾಕಿನಿಯವರು. ಅಷ್ಟೇ. ಆ ಮಾತನ್ನು ಯಜಮಾನರು ಒಪ್ಪಿಗೆ ಎಂದುಕೊಂಡರು. ಅದು ಒಪ್ಪಿಗೆಯಲ್ಲ, ದಣಿವು ಎಂದು ನನಗೆ ಗೊತ್ತಿತ್ತು.

ಅವರನ್ನು ಜೀಪಿಗೆ ಹತ್ತಿಸುವ ಮುಂಚೆ ರವೂಫ್ ಸಾಬರು ತಡೆಯಲಾರದೆ ಕೇಳಿಯೇಬಿಟ್ಟರು. “ಅಲ್ಲಮ್ಮ, ಅವತ್ತೇ ಬಿಟ್ಟು ಹೋಗಬಾರದಿತ್ತಾ?”

“ನಾನು ಹೋಗಿದ್ರೆ ಈ ರೈಲನ್ನ ಮಾರನೇ ದಿನಾನೇ ಗುಜರಿಗೆ ಹಾಕ್ತಿದ್ರು ಸಾಬ್ರೇ. ಇದು ಇರೋವರೆಗೂ ಜನರನ್ನ ಹೇಗಾದ್ರೂ ಕಾಪಾಡಬಹುದು ಅಂದ್ಕೊಂಡೆ.”

ಜೀಪಿನ ಮೆಟ್ಟಿಲು ಎತ್ತರವಿತ್ತು. ಇಬ್ಬರು ಕೈಹಿಡಿದು ಹತ್ತಿಸಿದರು.

ನಂದನಲೋಕದ ಬಾಗಿಲು ಮುಚ್ಚಿತು. ಕೊಳಗಳಲ್ಲಿ ಪಾಚಿ ಕಟ್ಟಿತು. ನನ್ನನ್ನು ತುಮಕೂರಿನವನೊಬ್ಬ ಕೊಂಡು ಮದುವೆ ಛತ್ರದ ಮುಂದೆ ನಿಲ್ಲಿಸಿದ. ಗಂಡುಹೆಣ್ಣು ನನಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಚಕ್ರಗಳು ತುಕ್ಕು ಹಿಡಿದು ಕಚ್ಚಿಕೊಂಡವು. ಛತ್ರವನ್ನು ಕೆಡವಿದಾಗ ನಾನು ಗುಜರಿ ಅಂಗಳಕ್ಕೆ ಬಂದೆ.

ಹೋದ ವಾರ ರವೂಫ್ ಸಾಬರು ತಮ್ಮ ಆಟೋಗೆ ಏನೋ ಬಿಡಿಭಾಗ ಹುಡುಕುತ್ತ ಇಲ್ಲಿಗೆ ಬಂದಿದ್ದರು. ಗುರುತು ಹಿಡಿದರು. ತುಂಬ ಮುದುಕರಾಗಿದ್ದಾರೆ. ಹಿಂದಿನಂತೆಯೇ ನನ್ನ ಜೊತೆ ಮಾತಾಡಿದರು. ಮಂದಾಕಿನಿಯವರು ಈಗಲೂ ಕೋರ್ಟಿಗೆ ಅಲೆಯುತ್ತಿದ್ದಾರಂತೆ. ಯಾರೂ ಕೆಲಸ ಕೊಡುತ್ತಿಲ್ಲವಂತೆ. ಇನ್ನೊಂದು ಕಾಲಿನಲ್ಲೂ ನೋವು ಶುರುವಾಗಿದೆಯಂತೆ. ವಾಯಿದೆಯ ದಿನ ಟೀಚರ್ ಗಂಡ ಎದುರಿನ ಬೆಂಚಿನಲ್ಲಿ ಕೂತಿರುತ್ತಾನಂತೆ; ಮಂದಾಕಿನಿಯವರೇ ಕೊಂದರೆಂದು ಅವನು ನಂಬಿದ್ದಾನೆ. “ನೀನು ಒಳ್ಳೇದೇ ಇದ್ದೆ ಮಾರಾಯ” ಎಂದು ಹೇಳಿ ಸಾಬರು ಹೊರಟುಹೋದರು.

ಒಳ್ಳೆಯದೇ ಇದ್ದೆ. ಅದನ್ನು ಕಂಡುಹಿಡಿದವರೂ ಒಬ್ಬರಿದ್ದರು. ಅದರಿಂದ ಯಾರಿಗೆ ಏನು ಸಿಕ್ಕಿತು ಎಂದು ಈ ಅಂಗಳದಲ್ಲಿ ಬಿದ್ದುಕೊಂಡು ಯೋಚಿಸುತ್ತೇನೆ. ನನ್ನನ್ನು ಉಳಿಸಲು ಹೋಗಿ ಆಕೆ ಆ ಕಂಬಗಳ ಹೊಣೆಗೆ ಕಟ್ಟುಬಿದ್ದರು; ಉಳಿದ ನಾನು ಆ ದಿನ ಕೆಲಸಕ್ಕೆ ಬರಲಿಲ್ಲ. ಗ್ಯಾಸ್ ಕಟ್ಟರ್ ಹಿಡಿದವನು ಈ ಸಾಲಿನಲ್ಲಿ ಒಂದೊಂದನ್ನೇ ಮುಗಿಸುತ್ತ ಬರುತ್ತಿದ್ದಾನೆ. ನನ್ನ ಪಕ್ಕದಲ್ಲಿದ್ದ ರೋಡ್ ರೋಲರ್ ಇವತ್ತು ಹೋಯಿತು. ಕಬ್ಬಿಣಕ್ಕೆ ನೋವಾಗುವುದಿಲ್ಲ ಎನ್ನುತ್ತಾರೆ. ಅದು ನಿಜವಾಗಿರಲಿ.