ಜಮಾದಾರರ ಕಿಸೆ

ಅಯ್ಯನವರು ವಿಭೂತಿ ತರಲು ಒಳಗೆ ಹೋದದ್ದೇ ತಡ, ಕಾಡಪ್ಪ ತನ್ನ ಕಡ್ಡಿಪೆಟ್ಟಿಗೆಯನ್ನು ಹೆಣದ ಅಂಗಿಯ ಕಿಸೆಯೊಳಗೆ ತುರುಕಿದ. ಮೇಲೆ ಚೆಂಡುಹೂವಿನ ಹಾರ ಎಳೆದು, ಏನೂ ಅರಿಯದವನಂತೆ ಕಣ್ಣೊರೆಸಿಕೊಂಡ. ಕಣ್ಣೀರು ಮಾತ್ರ ಅಪ್ಪಟ ನಿಜವಾದದ್ದು.

ನಿಜಲಿಂಗಪ್ಪ ಗೋಡೆಗೆ ಒರಗಿ ಕೂತಿದ್ದ. ಹೊಸ ಅಂಗಿ, ಹೊಸ ಧೋತರ, ಗುಲಾಬಿ ರುಮಾಲು, ಎಡ ಅಂಗೈಯಲ್ಲಿ ಲಿಂಗ. ಲಿಂಗವಂತರು ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸಿಯೇ ಒಯ್ಯುತ್ತಾರೆ, ಕೂರಿಸಿಯೇ ಸಮಾಧಿ ಮಾಡುತ್ತಾರೆ. ಈ ಪದ್ಧತಿ ಅವನಿಗೆ ಹೇಳಿ ಮಾಡಿಸಿದಂತಿತ್ತು. ಪುಣೆಯ ಹತ್ತಿರ ಖಡಕಿಯ ಮದ್ದುಗುಂಡಿನ ಕಾರ್ಖಾನೆಯ ಗೇಟಿನಲ್ಲಿ ಜಮಾದಾರನಾಗಿ ಆಯುಷ್ಯವೆಲ್ಲ ಅವನು ಹೀಗೇ ನೆಟ್ಟಗೆ ಕೂತಿದ್ದವನು.

"ಏನ್ ಮಾಡಾಕತ್ತೀರಿ ಕಾಡಪ್ಪಣ್ಣ?" ಹಿಂದಿನಿಂದ ಶಿವಗಂಗವ್ವನ ದನಿ ಬಂತು.

"ಹಾರ ಸೊಟ್ಟ ಆಗಿತ್ತು ವೈನಿ. ಸರಿ ಮಾಡಿದೆ."

ಅವಳು ಗಂಡನ ಮುಖ ನೋಡಿದಳು. ಬೆಳಗಿನಿಂದ ಅತ್ತು ಅವಳ ಗಂಟಲು ಒಣಗಿತ್ತು. "ಸೊಟ್ಟ ಇದ್ದದ್ದು ಕಂಡ್ರ ಸುಮ್ಮನ ಇರತಿದ್ದಿಲ್ಲ ಇವರು. ಇವತ್ತ ನೋಡ್ರಿ, ಎಷ್ಟ್ ಸುಮ್ಮನ ಕುಂತಾರ."

ಕಾಡಪ್ಪ ಅವಳ ಕಣ್ಣು ತಪ್ಪಿಸಿ ಹಾರದ ಕಡೆ ನೋಡಿದ. ಆದರೂ ಕಡ್ಡಿಪೆಟ್ಟಿಗೆಯನ್ನು ಅವನು ಹೊರಗೆ ತೆಗೆಯಲಿಲ್ಲ. ಬದುಕಿದ್ದಾಗ ಒಂದು ಸಲವೂ ಈ ಮನುಷ್ಯನನ್ನು ದಾಟಿಸಿ ಒಯ್ಯಲಾಗದ ಕಡ್ಡಿಪೆಟ್ಟಿಗೆ, ಇವತ್ತು ಅವನ ಕಿಸೆಯಲ್ಲೇ ಕೂತು ಸಮಾಧಿಗೆ ಹೋಗಲಿ. ಗೆಳೆಯನ ಜೊತೆ ತನ್ನದೂ ಒಂದು ವಸ್ತು ಇರಲಿ ಎಂಬ ಆಸೆಯೂ ಅದರೊಳಗೆ ಇತ್ತು.

*

ಮದ್ದು ತುಂಬುವ ಜಾಗಕ್ಕೆ ಕಡ್ಡಿಪೆಟ್ಟಿಗೆ ಒಯ್ಯುವಂತಿರಲಿಲ್ಲ. "ಕಿಸೆ ತೋರ್ಸಪಾ," ಎನ್ನುತ್ತಿದ್ದ ನಿಜಲಿಂಗಪ್ಪ. ಸಿಕ್ಕಿದ ಪೆಟ್ಟಿಗೆ ಗೇಟಿನ ನೀರಿನ ಬಕೀಟಿಗೆ ಬೀಳುತ್ತಿತ್ತು. ಯಾರ ಕಿಸೆಯಲ್ಲಿ ಸಿಕ್ಕಿತೋ ಅವನು ಬಕೀಟಿನ ಪಕ್ಕದಲ್ಲಿ ನಿಂತು, ಪಾಳಿಯವರೆಲ್ಲ ಒಳಗೆ ಹೋದ ಮೇಲೆ ಕಡೆಯವನಾಗಿ ಹೋಗಬೇಕು. ಈ ಕಾನೂನು ಸರಕಾರದ್ದಲ್ಲ, ಜಮಾದಾರನದು. ಬಕೀಟಿನ ಪಕ್ಕ ಎಲ್ಲರಿಗಿಂತ ಹೆಚ್ಚು ನಿಂತವನು ಕಾಡಪ್ಪ. ಲೇಥ್ ಮಷೀನಿನ ಕೆಲಸಗಾರ, ಕೆಂಬಾವುಟದ ಯೂನಿಯನ್ನಿನ ಮುಂದಾಳು, ಕಿವಿಯ ಹಿಂದೆ ಸದಾ ಒಂದು ಬೀಡಿ.

ಯುದ್ಧದ ವರ್ಷ ಒಬ್ಬ ದೊಡ್ಡ ಪುಢಾರಿ ಕಾರ್ಖಾನೆ ನೋಡಲು ಬಂದ. ನಿಜಲಿಂಗಪ್ಪ ಅವನ ಕಿಸೆಗೂ ಕೈ ಹಾಕಿ ಬೆಳ್ಳಿಯ ಲೈಟರ್ ಹೊರಗೆಳೆದ. ಸಾಹೇಬರೆಲ್ಲ ಬೆವತುಹೋದರು.

"ನಾನು ಯಾರು ಅಂತ ಗೊತ್ತೇನು?" ಎಂದ ಪುಢಾರಿ.

"ನನಗ ಗೊತ್ತದರಿ. ಒಳಗಿನ ಮದ್ದಿಗೆ ಗೊತ್ತಿಲ್ಲ."

ಲೈಟರ್ ಬಕೀಟಿಗೆ ಬಿತ್ತು.

ಆಮೇಲೆ ಹೊಸ ಅಧಿಕಾರಿಯೊಬ್ಬ ಬಂದು, ಕೊರಳಿಗೆ ಕಟ್ಟಿದ್ದೆಲ್ಲ ಗೇಟಿನಲ್ಲೇ ಬಿಚ್ಚಿಡಬೇಕೆಂದು ಹುಕುಂ ಮಾಡಿದ. ನಿಜಲಿಂಗಪ್ಪ ತನ್ನ ಬೆಳ್ಳಿಯ ಕರಡಿಗೆಯನ್ನು ಕೊರಳಲ್ಲಿದ್ದಂತೆಯೇ ತಾನೇ ತೆರೆದು ಲಿಂಗ ತೋರಿಸಿದ. "ನೋಡ್ರಿ ಸಾಹೇಬ್ರ, ಬೇಕಾದಷ್ಟು ಸಲ ನೋಡ್ರಿ. ನೋಡೋದು ನಿಮ್ಮ ಹಕ್ಕು, ತಗಸೋದಲ್ಲ. ತಗೀಲೇಬೇಕಂದ್ರ ನಿಮ್ಮ ಕೊರಳಾಗಿನ ಬಂಗಾರದ ಗಣಪತಿನೂ ತಗೀರಿ."

"ಅದು ಬೇರೆ," ಎಂದ ಅಧಿಕಾರಿ. ಎಂದವನೇ ಕೆಂಪಾದ. ಮರುದಿನದಿಂದ ಎಲ್ಲರೂ ತೆರೆದು ತೋರಿಸಿ, ಕಟ್ಟಿಕೊಂಡೇ ಒಳಗೆ ಹೋದರು: ಲಿಂಗವಂತರ ಕರಡಿಗೆಯೂ, ಪಾಳಿಯ ಕೆಲಸಗಾರ ರಜಾಕನ ತಾಯಿತವೂ, ಸಾಹೇಬರ ಗಣಪತಿಯೂ.

ತುರ್ತು ಪರಿಸ್ಥಿತಿಯಲ್ಲಿ ಕಾಡಪ್ಪ ಯೆರವಡಾ ಜೈಲು ಕಂಡು ಬಂದ. ಬಂದ ಸಂಜೆಯೇ ಕೆಲಸಗಾರರ ಚಾಳಿನ ಕಟ್ಟೆಯ ಮೇಲೆ ಕೂತು ಗುಡುಗಿದ. "ನಮ್ಮ ಸಭಾ ಬಂದ್! ಆಳೋರ ಮೆರವಣಗಿ ಮಾತ್ರ ಜೋರ್! ಇದು ನ್ಯಾಯ ಏನೋ ಜಮಾದಾರ?"

"ಅಲ್ಲ. ನಿನ್ನ ಬಾಯಿ ಕಟ್ಟಿದ್ದು ತಪ್ಪು. ನಾನೂ ಅದನ್ನ ಅಂದೀನಿ, ಸಾಹೇಬ್ರ ಮುಂದನ ಅಂದೀನಿ." ನಿಜಲಿಂಗಪ್ಪ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದ. "ಆದ್ರ ನಿನ್ನ ರಶಿಯಾದಾಗ ದೇವರ ಮನಿಗೆ ಬೀಗ ಜಡದ್ರಲ್ಲ, ಆವಾಗ ನೀ ಯಾಕ ಸುಮ್ಮನಿದ್ದಿ?"

"ಅದು ಬ್ಯಾರೆ."

ನಿಜಲಿಂಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಪುಢಾರಿ ಇರಲಿ, ಸಾಹೇಬ ಇರಲಿ, ನೀ ಇರು, ಎಲ್ಲಾರ ಕಿಸೆದಾಗೂ ಒಂದು 'ಅದು ಬ್ಯಾರೆ' ಇರ್ತದ ನೋಡಪಾ!"

"ನಿನ್ನ ಕಿಸೆದಾಗೂ ಇರ್ತದ. ಒಂದಿನ ಹುಡುಕಿ ತೋರಸ್ತೀನಿ."

"ತೋರ್ಸು. ಬಕೀಟಿನ ಬಾಜೂಕ ನಾನ ನಿಂದರ್ತೀನಿ."

*

ಭಜನೆಯವರು ಮುಂದೆ, ಹೆಗಲ ಮೇಲಿನ ಹೂವಿನ ವಿಮಾನದಲ್ಲಿ ಕೂತ ನಿಜಲಿಂಗಪ್ಪ ನಡುವೆ, ಹೆಂಗಸರು ಹಿಂದೆ. ಬಜಾರಿನ ತಿರುವಿನಲ್ಲಿ ಪೊಲೀಸರು ಬಿದಿರು ಅಡ್ಡ ಕಟ್ಟಿದ್ದರು. ಮಂತ್ರಿಗಳ ಸಭೆಯಂತೆ, ದೊಡ್ಡ ರಸ್ತೆಯಲ್ಲಿ ಮೆರವಣಿಗೆಗೆ ನಿಷೇಧವಂತೆ. ಅಷ್ಟರಲ್ಲೇ ಬಿದಿರಿನ ಆಚೆ ಆಳುವ ಪಕ್ಷದವರ ಲೇಜಿಮ್ ತಂಡವೊಂದು ಕುಣಿಯುತ್ತ ಹೋಯಿತು.

ಕಾಡಪ್ಪನ ಮೈ ಉರಿಯಿತು. "ಅವರು ಕುಣಕೋತ ಹೋಗಬೇಕು, ನಾವು ಸತ್ತವರನ್ನ ಒಯ್ಯಬಾರದೇನು?" ಎಂದು ಮರಾಠಿಯಲ್ಲಿ ಫೌಜದಾರನ ಮೇಲೇರಿ ಹೋದ.

"ತೆ ವೇಗಳ ಆಹೇ, ಕಾಕಾ," ಎಂದ ಫೌಜದಾರ. ಅದು ಬೇರೆ.

ಕಾಡಪ್ಪನ ಕೋಪ ಅರ್ಧದಲ್ಲೇ ನಿಂತಿತು. ವಿಮಾನದ ಕಡೆ ತಿರುಗಿ, "ಕೇಳಿದೇನೋ ಜಮಾದಾರ? ಮರಾಠಿಯೊಳಗೂ ಅದನ್ನ ಅಂತಾರ!" ಎಂದ. ಶಿವಗಂಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಅದು ಅಳುವೋ ನಗುವೋ ಯಾರಿಗೂ ತಿಳಿಯಲಿಲ್ಲ.

ಫೌಜದಾರ ಕೆಟ್ಟವನೇನಲ್ಲ. ಕಾರ್ಖಾನೆಯ ಒಳರಸ್ತೆಯಿಂದ ಹೋದರೆ ರುದ್ರಭೂಮಿ ಹತ್ತಿರವೇ, ಗೇಟಿನವರು ಬಿಟ್ಟರೆ ಆಯಿತು ಎಂದ.

ಗೇಟು ಎಂದ ಕೂಡಲೇ ಕಾಡಪ್ಪ ಅಡ್ಡ ಬಂದ. "ಬ್ಯಾಡ ವೈನಿ. ಸಭಾ ಮುಗೀಲಿ, ಇಲ್ಲೇ ಕೂಡೋಣು."

"ಹೊತ್ತು ಮುಳುಗೋದ್ರೊಳಗ ಸಮಾಧಿ ಆಗಬೇಕು," ಎಂದರು ಅಯ್ಯನವರು.

"ನಡೀರಿ," ಎಂದಳು ಶಿವಗಂಗವ್ವ. "ಅವರ ಗೇಟು. ಅಲ್ಲಿಂದ ಹೋದ್ರ ಅವರಿಗೂ ಖುಷಿ."

*

ಗೇಟಿನಲ್ಲಿ ಭುಜಂಗ ಇದ್ದ. ನಿಜಲಿಂಗಪ್ಪನ ಕೈಕೆಳಗೆ ಕೆಲಸ ಕಲಿತು, ಅವನು ನಿವೃತ್ತನಾದ ಮೇಲೆ ಅದೇ ಕುರ್ಚಿಗೆ ಬಂದವನು. ವಿಮಾನ ಕಂಡು ಸೆಲ್ಯೂಟ್ ಹೊಡೆದು, ಒಳಗೆ ಓಡಿ ಸಾಹೇಬರಿಗೆ ಫೋನ್ ಮಾಡಿ ಒಪ್ಪಿಗೆ ತಂದ. ಊದುಬತ್ತಿ, ದೀಪ ಅಲ್ಲೇ ಆರಿಸಿದರು. ಒಬ್ಬೊಬ್ಬರಾಗಿ ಕಿಸೆ ತೋರಿಸಿದರು. ಭಜನೆಯವರ ತಾಳದ ಚೀಲವೂ ತೆರೆಯಿತು.

"ಕಾಡಪ್ಪ ಮಾಮಾ, ಏನಿದು? ಇವತ್ತ ನಿಮ್ಮ ಕಿಸೆ ಖಾಲಿ!" ಎಂದ ಭುಜಂಗ ಬೆರಗಾಗಿ. ಜನ ನಕ್ಕರು. ಕಾಡಪ್ಪ ನಗಲಿಲ್ಲ.

ಉಳಿದವನು ವಿಮಾನದಲ್ಲಿದ್ದವನೊಬ್ಬನೇ. ಭುಜಂಗ ಹಿಂದೆ ಸರಿದ. "ಜಮಾದಾರ್ರು ಹೋಗ್ಲಿ ಬಿಡ್ರಿ. ಸತ್ತವರ ಮಾತು ಬ್ಯಾರೆ."

ಕಾಡಪ್ಪ ಉಸಿರು ಬಿಟ್ಟ. ಅಷ್ಟರಲ್ಲಿ ಶಿವಗಂಗವ್ವ ಮುಂದೆ ಬಂದಳು.

"ಬ್ಯಾರೆ ಗೀರೆ ಅನಬ್ಯಾಡಪಾ. ತಡವದ ಬಿಟ್ರ ಕುಂತವರು ಎದ್ದು ನಿಲ್ತಾರ. ತಡವು."

ವಿಮಾನ ಇಳಿಸಿದರು. ಭುಜಂಗ ಕೈ ಮುಗಿದು, "ಕಿಸೆ ತೋರಸ್ರಿ ಜಮಾದಾರ್ರ," ಎಂದು ಹಾರ ಸರಿಸಿ ಕೈ ಹಾಕಿದ. ಕೈ ಹೊರಗೆ ಬಂದಾಗ ಅದರಲ್ಲಿ ಕಡ್ಡಿಪೆಟ್ಟಿಗೆ ಇತ್ತು.

ತಾಳ ನಿಂತವು. "ಜಮಾದಾರ್ರ ಕಿಸೆದಾಗ?" ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. "ಹಂಗಾದ್ರ ಇಷ್ಟ್ ದಿನ ಇವರೂ..."

ಶಿವಗಂಗವ್ವನ ಮುಖ ಬಿಳಿಚಿಕೊಂಡಿತು. ಗಂಡ ಅವಳಿಗೆ ಬಿಟ್ಟುಹೋದದ್ದು ಪ್ರಾಮಾಣಿಕನೆಂಬ ಆ ಒಂದು ಹೆಸರು ಮಾತ್ರ.

ಕಾಡಪ್ಪ ನೋಡಿದ. ಸುಮ್ಮನೆ ನಿಂತರೆ ಸಾಕು, ಕಟ್ಟೆಯ ಮೇಲಿನ ವಾದ ಗೆದ್ದಂತೆಯೇ. ಎಲ್ಲರ ಕಿಸೆಯಲ್ಲೂ ಒಂದಿದೆ, ಜಮಾದಾರನದರಲ್ಲೂ ಇತ್ತು ಎಂದು ಖಡಕಿಯೆಲ್ಲ ಆಡಿಕೊಳ್ಳುತ್ತಿತ್ತು. ರುಮಾಲಿನ ಕೆಳಗಿನ ಆ ಮುಖ ಮಾತ್ರ ನೆಟ್ಟಗೆ ಅವನನ್ನೇ ನೋಡುತ್ತಿದ್ದಂತಿತ್ತು.

"ಅದು ನಂದು!" ಎಂದು ಕಾಡಪ್ಪ ಕೂಗಿದ. ಅಷ್ಟು ಜೋರಾಗಿ ಅವನು ಯೂನಿಯನ್ ಸಭೆಯಲ್ಲೂ ಕೂಗಿರಲಿಲ್ಲ. "ಮುಂಜಾನೆ ನಾನ ಇಟ್ಟೆ. ಅವನ ಕಿಸೆದಾಗ ಯಾವತ್ತೂ ಏನೂ ಇದ್ದಿಲ್ಲ. ಹುಡುಕಿ ಹುಡುಕಿ ನನಗ ಸಾಕಾತು."

ಮೊದಲು ನಕ್ಕವಳು ಶಿವಗಂಗವ್ವ. ಕಣ್ಣಲ್ಲಿ ನೀರು ಸುರಿಯುತ್ತಿರುವಾಗಲೇ ನಕ್ಕಳು. "ಅಯ್ಯ ಕಾಡಪ್ಪಣ್ಣ! ಸತ್ತ ಮ್ಯಾಲೂ ಹಿಡದ್ರಲ್ಲರೀ ನಿಮ್ಮನ್ನ!"

ನಗು ಭಜನೆಯವರಿಗೂ ಹತ್ತಿತು, ಅಯ್ಯನವರಿಗೂ ಹತ್ತಿತು. ಭುಜಂಗ ಕಡ್ಡಿಪೆಟ್ಟಿಗೆಯನ್ನು ಬಕೀಟಿಗೆ ಹಾಕಿ, ಪಕ್ಕದ ಜಾಗ ತೋರಿಸಿದ. ಕಾಡಪ್ಪ ಹೋಗಿ ನಿಂತ.

ತಾಳ ಮತ್ತೆ ಶುರುವಾದವು. ವಿಮಾನ ಎದ್ದಿತು. ಗೇಟಿನ ಉಬ್ಬು ದಾಟುವಾಗ ಅದು ಕುಲುಕಿ, ಗುಲಾಬಿ ರುಮಾಲಿನ ತಲೆ ಬಕೀಟಿನ ಕಡೆಗೆ ಒಮ್ಮೆ ವಾಲಿ ಮತ್ತೆ ನೆಟ್ಟಗಾಯಿತು. ಭಜನೆಯವರು ಹೋದರು, ಗಂಡಸರು ಹೋದರು, ಹೆಂಗಸರು ಹೋದರು. ಕಡೆಯವರು ದಾಟುವ ತನಕ ಕಾಡಪ್ಪ ಅಲ್ಲಿಂದ ಕದಲಲಿಲ್ಲ. ಅವನ ಕಾಲ ಬಳಿ ಬಕೀಟಿನಲ್ಲಿ ಕಡ್ಡಿಪೆಟ್ಟಿಗೆ ತೇಲುತ್ತಿತ್ತು.